ತನ್ನ ದೂರದರ್ಶಕವನ್ನು ತಾನೇ ಕಟ್ಟಿದ ಗೆಲಿಲಿಯೋ

ಫೆಬ್ರವರಿ ತಿಂಗಳು ಬಂತೆಂದರೆ ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣದ ಶಾಲೆಗಳಲ್ಲಿ ವಿಜ್ಞಾನ ವಸ್ತು ಪ್ರದರ್ಶನಗಳ ಸಡಗರ. ಸರ್ ಸಿ.ವಿ. ರಾಮನ್ ಅವರ ಶೋಧನೆಯನ್ನು ಸ್ಮರಿಸುವ ರಾಷ್ಟ್ರೀಯ ವಿಜ್ಞಾನ ದಿನವು ಈ ತಿಂಗಳ 28ರಂದು ಬರುತ್ತದೆ. ಇದೇ ತಿಂಗಳ 15 ಗೆಲಿಲಿಯೋ ಗೆಲಿಲಿಯ ಜನ್ಮದಿನ. ರಟ್ಟಿನ ಕೊಳವೆಯ ಎರಡು ತುದಿಗಳಿಗೆ ಎರಡು ಗಾಜುಗಳನ್ನು ಕೂರಿಸಿ ದೂರದರ್ಶಕವೆಂದು ಮೇಜಿನ ಮೇಲಿಟ್ಟು ವಿವರಿಸುವ ಬಾಲಕ ಬಾಲಕಿಯರಲ್ಲಿ ನಮ್ಮ ಕಥೋಲಿಕ ಮನೆಗಳ ಮಕ್ಕಳೂ ಇರುತ್ತಾರೆ. ಅವರ ಮುಂದೆ ಇಂದಲ್ಲ ನಾಳೆ ಒಂದು ಪ್ರಶ್ನೆ ಬಂದೇ ಬರುತ್ತದೆ. ದೂರದರ್ಶಕದಿಂದ ಆಕಾಶವನ್ನು ನೋಡಿದವನನ್ನು ಶಿಕ್ಷಿಸಿದ್ದು ನಿಮ್ಮ ಧರ್ಮಸಭೆಯೇ ಅಲ್ಲವೆ ಎಂಬುದು ಆ ಪ್ರಶ್ನೆ. ಮಗು ಅದನ್ನು ಮನೆಗೆ ತರುತ್ತದೆ; ಮನೆಯವರು ಮಾತು ಮರೆಸುತ್ತಾರೆ.

ಮರೆಸುವ ಅಗತ್ಯವಿಲ್ಲ. ಹೌದು, ಶಿಕ್ಷಿಸಿದ್ದು ನಿಜ. ಅದು ತಪ್ಪಾಗಿತ್ತೆಂಬುದೂ ನಿಜ. ಆದರೆ ಆ ಒಂದು ವಾಕ್ಯದಲ್ಲಿ ಗೆಲಿಲಿಯೋವಿನ ಬದುಕು ಮುಗಿಯುವುದಿಲ್ಲ. ಅವನ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ವಿಚಾರಣೆಯ ದೃಶ್ಯದಿಂದಲೇ ಆರಂಭಿಸುತ್ತಾರೆ. ನಾವು ಅವನ ಮನೆಯ ಕಾರ್ಯಾಗಾರದಿಂದ ಆರಂಭಿಸಲು ಬಯಸುತ್ತೇವೆ. ಅವನು ಆಕಾಶದಲ್ಲಿ ಕಂಡುದೆಲ್ಲವೂ ಮೊದಲು ಅವನ ಕೈಗಳು ಗಾಜನ್ನು ಉಜ್ಜಿದ ಫಲ. ಆ ಕೈಕೆಲಸವನ್ನು ಅರಿತವರಿಗೆ ಮುಂದಿನ ಕಲಹವೂ ಸರಿಯಾಗಿ ಅರ್ಥವಾಗುತ್ತದೆ.

ಪೀಸಾದಿಂದ ಪಾದುವಾಕ್ಕೆ

ಗೆಲಿಲಿಯೋ 1564ರಲ್ಲಿ ಇಟಲಿಯ ಪೀಸಾ ನಗರದಲ್ಲಿ ಜನಿಸಿದನು. ತಂದೆ ವಿನ್ಚೆಂಜೋ ಲ್ಯೂಟ್ ಎಂಬ ತಂತಿವಾದ್ಯದಲ್ಲಿ ನಿಪುಣ, ಸಂಗೀತಶಾಸ್ತ್ರದ ಗ್ರಂಥಕರ್ತ. ತಂತಿಗೆ ತೂಕಗಳನ್ನು ಕಟ್ಟಿ, ಬಿಗಿ ಹೆಚ್ಚಿದಂತೆ ಸ್ವರ ಹೇಗೆ ಏರುತ್ತದೆಂದು ಆತ ಅಳೆದು ನೋಡಿದ್ದನು. ಹಳೆಯ ಗ್ರಂಥಗಳಲ್ಲಿ ಬರೆದಿದ್ದ ನಿಯಮ ತಂತಿಯ ಮೇಲೆ ನಿಲ್ಲಲಿಲ್ಲ. ಹೇಳಿದ್ದನ್ನು ಮಾಡಿ ನೋಡಬೇಕೆಂಬ ಹಟ ಮಗನಿಗೆ ಮನೆಯಿಂದಲೇ ಬಂದಿತು.

ಬಾಲಕನು ವಲ್ಲೊಂಬ್ರೋಸಾದ ಸನ್ಯಾಸಿಗಳ ಮಠದಲ್ಲಿ ಕಲಿತನು. ಅಲ್ಲಿಯೇ ಸನ್ಯಾಸ ಸ್ವೀಕರಿಸುವ ಮನಸ್ಸೂ ಅವನಿಗಿತ್ತು. ತಂದೆ ಒಪ್ಪದೆ ಹಿಂದಕ್ಕೆ ಕರೆತಂದನು. 1581ರಲ್ಲಿ ಪೀಸಾ ವಿಶ್ವವಿದ್ಯಾನಿಲಯಕ್ಕೆ ವೈದ್ಯ ವ್ಯಾಸಂಗಕ್ಕೆ ಸೇರಿದವನು ಗಣಿತಕ್ಕೆ ಮನಸೋತು, 1585ರಲ್ಲಿ ಪದವಿಯಿಲ್ಲದೆ ಹೊರಬಂದನು. ಆದರೂ 1589ರಲ್ಲಿ ಅದೇ ವಿಶ್ವವಿದ್ಯಾನಿಲಯ ಅವನನ್ನು ಗಣಿತದ ಅಧ್ಯಾಪಕನನ್ನಾಗಿ ನೇಮಿಸಿತು. 1592ರಲ್ಲಿ ವೆನಿಸ್ ಗಣರಾಜ್ಯಕ್ಕೆ ಸೇರಿದ ಪಾದುವಾಕ್ಕೆ ಹೋದನು. ಅಲ್ಲಿ ಕಳೆದ ಹದಿನೆಂಟು ವರ್ಷಗಳು ಅವನ ಜೀವನದ ಫಲವತ್ತಾದ ಕಾಲ.

ಪಾದುವಾದ ಅವನ ಮನೆ ಅರ್ಧ ವಿದ್ಯಾರ್ಥಿನಿಲಯ, ಅರ್ಧ ಕಾರ್ಯಾಗಾರ. ದೂರದೂರದ ವಿದ್ಯಾರ್ಥಿಗಳು ಅಲ್ಲಿಯೇ ಉಂಡು ಮಲಗಿ ಪಾಠ ಕೇಳುತ್ತಿದ್ದರು. 1599ರಿಂದ ಮಾರ್ಕಾಂತೋನಿಯೋ ಮಜ್ಜೋಲೇನಿ ಎಂಬ ಕುಶಲಕರ್ಮಿ ಸಂಸಾರಸಮೇತ ಆ ಮನೆಯಲ್ಲಿದ್ದು, ಗೆಲಿಲಿಯೋ ರೂಪಿಸಿದ ಲೆಕ್ಕದ ಕೈವಾರಗಳನ್ನು ಹಿತ್ತಾಳೆಯಲ್ಲಿ ಮಾಡಿಕೊಡುತ್ತಿದ್ದನು. ಉಪಕರಣವನ್ನು ಕೈಯಲ್ಲಿ ಹಿಡಿಸಿ ಅದರ ಬಳಕೆಯನ್ನು ಕಲಿಸುವುದು ಗುರುವಿನ ಪದ್ಧತಿ. ಅದಕ್ಕಾಗಿಯೇ 1606ರಲ್ಲಿ ಒಂದು ಕೈಪಿಡಿಯನ್ನು ಅಚ್ಚು ಹಾಕಿಸಿದನು.

ಅವನ ಬಾಳು ನಿಷ್ಕಳಂಕವಾಗಿತ್ತೆಂದು ನಾವು ಹೇಳುವುದಿಲ್ಲ. ಮರೀನಾ ಗಂಬಾ ಎಂಬ ಮಹಿಳೆಯೊಡನೆ ವಿವಾಹ ಸಂಸ್ಕಾರವಿಲ್ಲದೆ ಬಾಳಿ, ವರ್ಜೀನಿಯ, ಲೀವಿಯ, ವಿನ್ಚೆಂಜೋ ಎಂಬ ಮೂವರು ಮಕ್ಕಳನ್ನು ಪಡೆದನು. ಹೆಣ್ಣುಮಕ್ಕಳಿಬ್ಬರನ್ನೂ ಎಳೆಯ ವಯಸ್ಸಿನಲ್ಲೇ ಕನ್ಯಾಮಠಕ್ಕೆ ಸೇರಿಸಿದನು. ಹಿರಿಯ ಮಗಳ ಮಾತು ಮುಂದೆ ಬರಲಿದೆ.

ಕನ್ನಡಕದ ಗಾಜಿನಿಂದ ಆಕಾಶಕ್ಕೆ

ದೂರದರ್ಶಕವನ್ನು ಮೊದಲು ಕಂಡುಹಿಡಿದವನು ಗೆಲಿಲಿಯೋ ಅಲ್ಲ. 1608ರ ಅಕ್ಟೋಬರಿನಲ್ಲಿ ಹಾಲೆಂಡಿನ ಮಿಡ್ಲ್‌ಬರ್ಗ್ ಊರಿನ ಹಾನ್ಸ್ ಲಿಪ್ಪರ್‌ಹೇ ಎಂಬ ಕನ್ನಡಕ ತಯಾರಕನು ಇಂತಹ ಉಪಕರಣಕ್ಕೆ ಹಕ್ಕುಪತ್ರ ಬೇಡಿದ್ದನು. ಈ ಸುದ್ದಿ 1609ರಲ್ಲಿ ಗೆಲಿಲಿಯೋವಿಗೆ ತಲುಪಿತು. ಉಪಕರಣ ಕೈಗೆ ಸಿಗಲಿಲ್ಲ. ಸಿಕ್ಕಿದ್ದು ಸುದ್ದಿ ಮಾತ್ರ. ಅಷ್ಟನ್ನೇ ಆಧಾರವಾಗಿಟ್ಟುಕೊಂಡು ಅವನು ಕನ್ನಡಕದ ಗಾಜುಗಳನ್ನು ಹಿಂದೆ ಮುಂದೆ ಹಿಡಿದು ನೋಡಿದನು. ಉಬ್ಬಿದ ಗಾಜು ಒಂದು, ತಗ್ಗಾದ ಗಾಜು ಒಂದು ಸೇರಿದಾಗ ದೂರದ ವಸ್ತು ಮೂರು ಪಟ್ಟು ದೊಡ್ಡದಾಗಿ ಕಂಡಿತು.

ಕನ್ನಡಕದಂಗಡಿಯ ಗಾಜು ಇದಕ್ಕಿಂತ ಮುಂದೆ ಹೋಗಲು ಸಾಲದೆಂದು ಅರಿತು ತಾನೇ ಗಾಜು ಉಜ್ಜಲು ಕುಳಿತನು. ಆಗಸ್ಟ್ 21ರಂದು ವೆನಿಸಿನ ಸಂತ ಮಾರ್ಕರ ಮಹಾದೇವಾಲಯದ ಗಂಟೆಗೋಪುರಕ್ಕೆ ನಗರದ ಪ್ರಮುಖರನ್ನು ಹತ್ತಿಸಿ, ಎಂಟು ಒಂಬತ್ತು ಪಟ್ಟು ವರ್ಧಿಸುವ ದೂರದರ್ಶಕವನ್ನು ತೋರಿಸಿದನು. ಬರಿಗಣ್ಣಿಗೆ ಗೋಚರಿಸಲು ಇನ್ನೂ ಎರಡು ಗಂಟೆ ಬೇಕಾದ ಹಡಗುಗಳು ಅದರಲ್ಲಿ ಕಂಡವು. ಗಣರಾಜ್ಯವು ಅವನ ಹುದ್ದೆಯನ್ನು ಜೀವನಪರ್ಯಂತ ಖಾಯಂ ಮಾಡಿ, ಸಂಬಳವನ್ನು ಇಮ್ಮಡಿಯ ಹತ್ತಿರಕ್ಕೆ ಏರಿಸಿತು. ವರ್ಷ ಮುಗಿಯುವುದರೊಳಗೆ ಇಪ್ಪತ್ತು ಪಟ್ಟಿನ ದೂರದರ್ಶಕ ಸಿದ್ಧವಾಯಿತು.

ಆ ವರ್ಷದ ನವೆಂಬರಿನಲ್ಲಿ ಬಂದ ಒಂದು ಪತ್ರದ ಮೇಲೆ ಗೆಲಿಲಿಯೋ ತನ್ನ ಕೈಯಿಂದ ಬರೆದ ಸಾಮಾನಿನ ಪಟ್ಟಿಯೊಂದು ಉಳಿದು ಬಂದಿದೆ. ಅಕ್ಕಿ, ಕಡಲೆ, ಮೆಣಸು, ಸಕ್ಕರೆ, ಪುಟ್ಟ ಮಗನಿಗೆ ಚಪ್ಪಲಿ ಎಂಬ ಮನೆಯ ಬಾಬ್ತುಗಳ ಜೊತೆಗೇ ಫಿರಂಗಿಯ ಗುಂಡುಗಳು, ಆರ್ಗನ್ ವಾದ್ಯದ ತವರದ ಕೊಳವೆ, ಕನ್ನಡಿಯ ತುಂಡುಗಳು, ಹೊಳಪು ಕೊಡುವ ಪುಡಿ ಮೊದಲಾದವೂ ಅದರಲ್ಲಿವೆ. ಫಿರಂಗಿ ಗುಂಡು ಯುದ್ಧಕ್ಕಲ್ಲ. ತಗ್ಗುಗಾಜನ್ನು ಅದರ ದುಂಡು ಮೈಮೇಲೆ ಉಜ್ಜುವುದಕ್ಕೆ. ಆರ್ಗನ್ ಕೊಳವೆ ದೂರದರ್ಶಕದ ಮೈಯಾಗುವುದಕ್ಕೆ. ವಿಜ್ಞಾನದ ಮಹಾಯುಗವೊಂದು ದಿನಸಿಯ ಚೀಟಿಯಲ್ಲಿ ಆರಂಭವಾದುದನ್ನು ನಮ್ಮ ಗೃಹಿಣಿಯರು ಮೆಚ್ಚಿಯಾರು. ಹೀಗೆ ಅವನು ಅರವತ್ತಕ್ಕೂ ಹೆಚ್ಚು ದೂರದರ್ಶಕಗಳನ್ನು ಮಾಡಿದರೂ ಆಕಾಶವನ್ನು ನೋಡಲು ಯೋಗ್ಯವಾಗಿ ನಿಂತವು ಕೆಲವು ಮಾತ್ರ.

ನಮ್ಮ ಮಕ್ಕಳೂ ಕಟ್ಟಬಹುದು

ಗೆಲಿಲಿಯೋ ಪಟ್ಟ ಪಾಡಿನ ಅರ್ಧಕ್ಕರ್ಧ ಇಂದು ನಮಗಿಲ್ಲ. ಹಾಸನದಲ್ಲಾಗಲಿ ಚನ್ನರಾಯಪಟ್ಟಣದಲ್ಲಾಗಲಿ ಕನ್ನಡಕದ ಅಂಗಡಿಯಲ್ಲಿ ಕೇಳಿದರೆ ಪ್ಲಸ್ ಒಂದು ಪವರಿನ ಗಾಜು ಸಿಗುತ್ತದೆ. ಪವರಿನ ಸಂಖ್ಯೆಯಿಂದ 100ನ್ನು ಭಾಗಿಸಿದರೆ ಗಾಜಿನ ಸಂಗಮ ದೂರ ಸೆಂಟಿಮೀಟರುಗಳಲ್ಲಿ ದೊರೆಯುತ್ತದೆ. ಆದ್ದರಿಂದ ಪ್ಲಸ್ ಒಂದರ ಗಾಜಿಗೆ ಅದು 100 ಸೆಂಟಿಮೀಟರ್. ಈ ಲೆಕ್ಕವನ್ನು ಮಗು ನಂಬಬೇಕಾಗಿಲ್ಲ, ಪರೀಕ್ಷಿಸಬಹುದು. ಕತ್ತಲೆ ಕೋಣೆಯಲ್ಲಿ ಕಿಟಕಿಯ ಎದುರಿನ ಗೋಡೆಯ ಮುಂದೆ ಗಾಜನ್ನು ಹಿಡಿದು ಹಿಂದೆ ಮುಂದೆ ಸರಿಸಿದರೆ, ಹೊರಗಿನ ತೆಂಗಿನಮರ ತಲೆಕೆಳಗಾಗಿ, ಬಣ್ಣಸಹಿತವಾಗಿ ಗೋಡೆಯ ಮೇಲೆ ಮೂಡುತ್ತದೆ. ಆಗ ಗಾಜಿಗೂ ಗೋಡೆಗೂ ಇರುವ ಅಂತರವೇ ಸಂಗಮ ದೂರ.

ಆ ಬಿಂಬವನ್ನು ಕಂಡ ಮಗುವಿಗೆ ದೂರದರ್ಶಕದ ಗುಟ್ಟು ಅರ್ಧ ತಿಳಿದಂತೆ. ಮುಂದಿನ ಗಾಜು ದೂರದ ವಸ್ತುವನ್ನು ಕೊಳವೆಯೊಳಗೆ ಪುಟ್ಟ ಬಿಂಬವಾಗಿ ತಂದು ಕೊಡುತ್ತದೆ. ಕಣ್ಣಿನ ಬಳಿಯ ಗಾಜು ಭೂತಗನ್ನಡಿಯಂತೆ ಅದನ್ನು ಹತ್ತಿರದಿಂದ ನೋಡಲು ನೆರವಾಗುತ್ತದೆ. ಕಣ್ಣಿನ ಬಳಿ 5 ಸೆಂಟಿಮೀಟರ್ ಸಂಗಮ ದೂರದ ಪುಟ್ಟ ಉಬ್ಬುಗಾಜನ್ನು ಇಟ್ಟರೆ, 100ನ್ನು 5ರಿಂದ ಭಾಗಿಸಿ, ವರ್ಧನೆ 20 ಪಟ್ಟು. ಎರಡು ಗಾಜುಗಳ ನಡುವಿನ ಅಂತರ ಎರಡೂ ಸಂಗಮ ದೂರಗಳ ಮೊತ್ತ, ಅಂದರೆ 105 ಸೆಂಟಿಮೀಟರ್. ನೋಟ ತಲೆಕೆಳಗಾಗಿ ಕಂಡರೂ ಚಂದ್ರನಿಗಾಗಲಿ ನಕ್ಷತ್ರಗಳಿಗಾಗಲಿ ಅದರಿಂದ ಬಾಧಕವಿಲ್ಲ. ಈ ವಿಧಾನವನ್ನು 1611ರಲ್ಲಿ ವಿವರಿಸಿದವನು ಜರ್ಮನಿಯ ಯೋಹಾನ್ನೆಸ್ ಕೆಪ್ಲರ್.

ಗೆಲಿಲಿಯೋವಿನ ವಿಧಾನವೇ ಬೇಕೆಂದರೆ ಕಣ್ಣಿನ ಬಳಿ ಮೈನಸ್ ಹತ್ತು ಪವರಿನ ತಗ್ಗುಗಾಜನ್ನು ಇಡಬೇಕು. ಅದರ ಸಂಗಮ ದೂರ 10 ಸೆಂಟಿಮೀಟರ್. ಬೆಳಕಿನ ಕಿರಣಗಳು ಬಿಂಬವಾಗಿ ಕೂಡುವ ಮೊದಲೇ ಈ ಗಾಜು ಅವನ್ನು ತಡೆದು ನೇರಗೊಳಿಸುತ್ತದೆ. ಆದುದರಿಂದ ಇಲ್ಲಿ ಕೂಡುವುದಲ್ಲ, ಕಳೆಯುವುದು. ಅಂತರ 90 ಸೆಂಟಿಮೀಟರ್, ವರ್ಧನೆ ಹತ್ತು ಪಟ್ಟು, ನೋಟ ನೆಟ್ಟಗೆ. ಹೊಳೆನರಸೀಪುರದ ಮಕ್ಕಳು ಹೇಮಾವತಿಯ ಆಚೆ ದಡದ ಮರಗಳನ್ನೂ, ಚನ್ನರಾಯಪಟ್ಟಣದ ಕಡೆಯ ಮಕ್ಕಳು ದೂರದ ಶ್ರವಣಬೆಳಗೊಳದ ಬೆಟ್ಟವನ್ನೂ ಹಗಲಿನಲ್ಲಿ ಇದರಿಂದ ನೋಡಿ ಕೈ ಪಳಗಿಸಿಕೊಳ್ಳಬಹುದು.

ಮೈಗೆ ಬಟ್ಟೆ ಅಂಗಡಿಯ ರಟ್ಟಿನ ಕೊಳವೆಯೋ ನೀರಿನ ಪಿವಿಸಿ ಪೈಪೋ ಸಾಕು. ಒಂದರೊಳಗೊಂದು ಜಾರುವ ಎರಡು ಕೊಳವೆಗಳಿದ್ದರೆ ನೋಟವನ್ನು ಸ್ಪಷ್ಟಗೊಳಿಸುವುದು ಸುಲಭ. ಒಳಮೈಗೆ ಕಪ್ಪು ಕಾಗದ ಅಂಟಿಸಬೇಕು. ಮುಂದಿನ ಗಾಜಿನ ಅಂಚಿನಿಂದ ಬರುವ ಕಿರಣಗಳು ಬಿಂಬದ ಸುತ್ತ ಬಣ್ಣದ ಮಬ್ಬನ್ನು ಹರಡುವುದರಿಂದ, ನಡುವೆ ಮೂರು ಸೆಂಟಿಮೀಟರ್ ಅಗಲದ ತೂತಿರುವ ರಟ್ಟನ್ನು ಅದಕ್ಕೆ ಮುಚ್ಚಬೇಕು. ಗೆಲಿಲಿಯೋ ಕೂಡ ಹೀಗೆಯೇ ಮಾಡಿದ್ದನು. ತೂತು ಇಷ್ಟು ಕಿರಿದಾದರೂ, ಇರುಳಿನಲ್ಲಿ ಸುಮಾರು ಆರು ಮಿಲಿಮೀಟರ್ ತೆರೆಯುವ ನಮ್ಮ ಕಣ್ಣಿನ ಪಾಪೆಗಿಂತ ಇಪ್ಪತ್ತೈದು ಪಟ್ಟು ಬೆಳಕು ಅದರಿಂದ ಒಳಬರುತ್ತದೆ. ಕೊಳವೆಯನ್ನು ಕೈಯಲ್ಲಿ ಹಿಡಿದರೆ ನೋಟ ನಡುಗುತ್ತದೆ. ಕಿಟಕಿಯ ಸರಳಿಗೋ ಕುರ್ಚಿಯ ಬೆನ್ನಿಗೋ ಬಿಗಿಯಾಗಿ ಒರಗಿಸಬೇಕು.

ಅಂಗಡಿಯಿಂದ ತಂದ ದೂರದರ್ಶಕ ಇದಕ್ಕಿಂತ ಚೆನ್ನಾಗಿ ತೋರಿಸುತ್ತದೆ, ಸಂದೇಹವಿಲ್ಲ. ಆದರೆ ಅದು ಮಗುವಿಗೆ ನೋಡುವುದನ್ನು ಮಾತ್ರ ಕಲಿಸುತ್ತದೆ. ಗಾಜಿನ ಸಂಗಮ ದೂರವನ್ನು ತಾನೇ ಅಳೆದು, ಕೂಡಿ ಕಳೆದು, ಕೊಳವೆಯನ್ನು ಕತ್ತರಿಸಿದ ಮಗುವಿಗೆ ಅದರ ಉದ್ದ ಅಷ್ಟೇ ಏಕೆಂಬುದು ಗೊತ್ತಿರುತ್ತದೆ. ಕಂಡದ್ದು ಗಾಜಿನ ದೋಷವೋ ಆಕಾಶದ ಸತ್ಯವೋ ಎಂದು ಬೇರ್ಪಡಿಸುವ ವಿವೇಕವೂ ಆ ಮಗುವಿಗೇ ಬರುತ್ತದೆ.

ಅವನು ಕಂಡುದು

1609ರ ನವೆಂಬರ್ ಕೊನೆಯಲ್ಲಿ ಗೆಲಿಲಿಯೋ ಚಂದ್ರನ ಕಡೆಗೆ ಕೊಳವೆಯನ್ನು ತಿರುಗಿಸಿದನು. ಅವನ ಗಾಜಿನಲ್ಲಿ ಇಡೀ ಚಂದ್ರಬಿಂಬ ಒಮ್ಮೆಗೇ ಕಾಣುತ್ತಿರಲಿಲ್ಲ. ತುಂಡು ತುಂಡಾಗಿ ನೋಡಿ ಚಿತ್ರ ಬರೆದನು. ಬೆಳಕು ಕತ್ತಲೆಗಳ ಗಡಿ ನಯವಾಗಿರದೆ ಒರಟಾಗಿತ್ತು. ಕತ್ತಲ ಭಾಗದಲ್ಲಿ ಅಲ್ಲಲ್ಲಿ ಬೆಳಕಿನ ಚುಕ್ಕೆಗಳಿದ್ದವು. ನಮ್ಮ ಸಕಲೇಶಪುರದ ಕಡೆ ಬೆಳಗಿನ ಹೊತ್ತು ಬೆಟ್ಟದ ನೆತ್ತಿಗೆ ಬಿಸಿಲು ಬಿದ್ದಾಗ ಕಣಿವೆಯ ತೋಟಗಳು ಇನ್ನೂ ನೆರಳಿನಲ್ಲೇ ಇರುವುದನ್ನು ಕಂಡವರಿಗೆ ಇದರ ಅರ್ಥ ಸುಲಭ. ಚಂದ್ರನಲ್ಲಿಯೂ ಬೆಟ್ಟಗಳಿವೆ. ಆಕಾಶಕಾಯಗಳು ಕಲೆಯಿಲ್ಲದ ಪರಿಪೂರ್ಣ ಗೋಲಗಳೆಂದು ಎರಡು ಸಾವಿರ ವರ್ಷ ಕಲಿಸಿದ್ದ ಪಾಠ ಅಲ್ಲಿಗೆ ಅಲುಗಿತು.

1610ರ ಜನವರಿ 7ರಂದು ಗುರುಗ್ರಹದ ಬಳಿ ಮೂರು ಪುಟ್ಟ ಚುಕ್ಕೆಗಳು ಒಂದೇ ಸಾಲಿನಲ್ಲಿ ಕಂಡವು. ಮರುದಿನ ಅವು ಸ್ಥಾನ ಬದಲಿಸಿದ್ದವು. 13ರ ಹೊತ್ತಿಗೆ ನಾಲ್ಕನೆಯದೂ ಕಂಡಿತು. ಅವು ಗುರುಗ್ರಹವನ್ನು ಸುತ್ತುವ ಉಪಗ್ರಹಗಳೆಂದು ಅವನು ನಿರ್ಧರಿಸಿದನು. ಎಲ್ಲವೂ ಭೂಮಿಯನ್ನೇ ಸುತ್ತುವುದಿಲ್ಲವೆಂಬುದಕ್ಕೆ ಇದು ಕಣ್ಣಿಗೆ ಕಂಡ ಸಾಕ್ಷಿ. ಬರಿಗಣ್ಣಿಗೆ ಹಾಲಿನ ಹಾದಿಯಾಗಿ ಕಾಣುವ ಆಕಾಶಗಂಗೆ ಲೆಕ್ಕವಿಲ್ಲದ ನಕ್ಷತ್ರಗಳ ರಾಶಿಯಾಗಿ ಬಿಡಿಸಿಕೊಂಡಿತು. ಇವೆಲ್ಲವನ್ನೂ ಮಾರ್ಚ್ ತಿಂಗಳಲ್ಲಿ ಒಂದು ಕಿರುಪುಸ್ತಕವಾಗಿ 550 ಪ್ರತಿ ಅಚ್ಚು ಹಾಕಿಸಿ, ತಾಯ್ನಾಡಾದ ಫ್ಲಾರೆನ್ಸಿನ ದೊರೆಗೆ ಅರ್ಪಿಸಿದನು. ಆ ದೊರೆಯ ಆಸ್ಥಾನಕ್ಕೆ ಅದೇ ವರ್ಷ ಹೋಗಿ ಸೇರಿದನು. ವರ್ಷಾಂತ್ಯದೊಳಗೆ ಶುಕ್ರಗ್ರಹಕ್ಕೂ ಚಂದ್ರನಂತೆ ವೃದ್ಧಿಕ್ಷಯಗಳುಂಟೆಂದು ಕಂಡನು. ಶುಕ್ರನು ಸೂರ್ಯನನ್ನು ಸುತ್ತಿದರೆ ಮಾತ್ರ ಅದು ಹಾಗೆ ಕಾಣಬಲ್ಲದು.

ಕಂಡ ಎಲ್ಲವನ್ನೂ ಅವನು ಸರಿಯಾಗಿ ಗ್ರಹಿಸಿದನೆಂದಲ್ಲ. ಶನಿಗ್ರಹ ಅವನಿಗೆ ಮೂರು ಗೋಲಗಳ ಕೂಟವಾಗಿ ತೋರಿತು. ಅದು ಉಂಗುರವೆಂದು ಹೈಗೆನ್ಸ್ ಎಂಬ ವಿಜ್ಞಾನಿ ತಿಳಿಸಿದ್ದು 1659ರಲ್ಲಿ.

ನೋಡಿದವರು, ನೋಡಲೊಲ್ಲದವರು

ಪಾದುವಾದಲ್ಲಿ ತತ್ತ್ವಶಾಸ್ತ್ರದ ಹೆಸರಾಂತ ಅಧ್ಯಾಪಕ ಚೇಸರೆ ಕ್ರೆಮೋನೀನಿ ಗೆಲಿಲಿಯೋವಿನ ಸಹೋದ್ಯೋಗಿ, ಸ್ನೇಹಿತ. ಅವನು ದೂರದರ್ಶಕದಲ್ಲಿ ನೋಡಲು ಒಪ್ಪಲೇ ಇಲ್ಲ. ಅರಿಸ್ಟಾಟಲನ ಗ್ರಂಥಗಳಲ್ಲಿ ಎಲ್ಲವೂ ಇದೆಯೆಂಬುದು ಅವನ ನಿಲುವು. ಸೆಮಿನರಿಯಲ್ಲಿ ಅರಿಸ್ಟಾಟಲನನ್ನು ಓದಿದ ನಮ್ಮಂಥವರು ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು. ಅರಿಸ್ಟಾಟಲ್ ಸಮುದ್ರತೀರದಲ್ಲಿ ಮೀನುಗಳನ್ನು ಕೊಯ್ದು ನೋಡಿದವನು, ಕೋಳಿಮೊಟ್ಟೆಯನ್ನು ದಿನಕ್ಕೊಂದರಂತೆ ಒಡೆದು ಮರಿಯ ಬೆಳವಣಿಗೆಯನ್ನು ಗಮನಿಸಿದವನು. ಕ್ರೆಮೋನೀನಿ ಗುರುವಿನ ತೀರ್ಮಾನಗಳನ್ನು ಉಳಿಸಿಕೊಂಡು ಗುರುವಿನ ಅಭ್ಯಾಸವನ್ನು ಕೈಬಿಟ್ಟನು.

ನೋಡಿಯೂ ಕಾಣದವರಿದ್ದರು. 1610ರ ಏಪ್ರಿಲಿನಲ್ಲಿ ಬೊಲೋನ್ಯಾದಲ್ಲಿ ವಿದ್ವಾಂಸರು ಗೆಲಿಲಿಯೋವಿನ ಕೊಳವೆಯಲ್ಲೇ ಕಣ್ಣಿಟ್ಟರೂ ಗುರುಗ್ರಹದ ಉಪಗ್ರಹಗಳನ್ನು ಕಂಡೆವೆಂದು ಒಪ್ಪಲಿಲ್ಲ. ಅವರೆಲ್ಲರೂ ದುರುದ್ದೇಶದವರೆಂದು ಹೇಳಲಾಗದು. ಕಿರಿದಾದ ನೋಟ, ನಡುಗುವ ಕೊಳವೆ, ಪಳಗದ ಕಣ್ಣು. ಮೊದಲ ದಿನ ನಮ್ಮ ಮಕ್ಕಳಿಗೂ ಇದೇ ಅನುಭವವಾಗುತ್ತದೆ.

ಆದುದರಿಂದಲೇ ಗೆಲಿಲಿಯೋ ತಾನು ಮಾಡಿದ ಉತ್ತಮ ದೂರದರ್ಶಕಗಳನ್ನು ಯೂರೋಪಿನ ಪ್ರಮುಖರಿಗೆ ಕಳುಹಿಸಿದನು. ಒಂದು ಕೊಲೋನಿನ ಮಹಾಧರ್ಮಾಧ್ಯಕ್ಷರಾದ ಎರ್ನ್ಸ್ಟರ ಕೈಸೇರಿತು. ಅವರು ಅದನ್ನು ಲೂಥರನ್ ಮತದವನಾದ ಕೆಪ್ಲರನಿಗೆ ಕೆಲದಿನ ಎರವಲು ಕೊಟ್ಟರು. ಕೆಪ್ಲರ್ ಅದರಿಂದ ಉಪಗ್ರಹಗಳನ್ನು ಕಂಡು ಜಗತ್ತಿಗೆ ಸಾರಿದನು. ಮತಭೇದದ ಯುದ್ಧಗಳಿಂದ ನಲುಗಿದ್ದ ಆ ನಾಡಿನಲ್ಲಿ ಇದು ಸಣ್ಣ ಸಂಗತಿಯಲ್ಲ.

ರೋಮಿನಲ್ಲಿ ಯೇಸುಸಭೆಯ ವಿದ್ಯಾಪೀಠದ ಗಣಿತಜ್ಞರು ಮೊದಮೊದಲು ಸಂಶಯಪಟ್ಟರು. ಅವರ ಹಿರಿಯರು ಗುರು ಕ್ರಿಸ್ತೋಫರ್ ಕ್ಲಾವಿಯುಸ್. ಇಂದು ನಮ್ಮ ಮನೆಗಳ ಗೋಡೆಯಲ್ಲಿ ತೂಗುವ ಕ್ಯಾಲೆಂಡರು 1582ರ ಸುಧಾರಣೆಯ ಫಲ. ಆ ಸುಧಾರಣೆಯನ್ನು ವಿವರಿಸಿ ಸಮರ್ಥಿಸಿದವರು ಇವರೇ. ಸಂಶಯಪಟ್ಟವರು ಅಷ್ಟಕ್ಕೇ ಸುಮ್ಮನಾಗಲಿಲ್ಲ. ಅವರಲ್ಲೊಬ್ಬರಾದ ಜೊವಾನ್ನಿ ಪಾವ್ಲೊ ಲೆಂಬೊ ತಾವೇ ದೂರದರ್ಶಕ ಕಟ್ಟಿದರು. 1610 ಮುಗಿಯುವ ಮುನ್ನ ಅವರೆಲ್ಲರೂ ಗುರುಗ್ರಹದ ಉಪಗ್ರಹಗಳನ್ನು ಕಣ್ಣಾರೆ ಕಂಡಿದ್ದರು. 1611ರ ಏಪ್ರಿಲಿನಲ್ಲಿ ಕಾರ್ಡಿನಲ್ ಬೆಲ್ಲರ್ಮಿನರು ವಿಚಾರಿಸಿದಾಗ, ಗೆಲಿಲಿಯೋ ಕಂಡದ್ದು ನಿಜವೆಂದು ಬರೆದುಕೊಟ್ಟರು. ಚಂದ್ರನ ಬೆಟ್ಟಗಳ ವಿಷಯದಲ್ಲಿ ಮಾತ್ರ ವಯೋವೃದ್ಧ ಕ್ಲಾವಿಯುಸರಿಗೆ ಸಂದೇಹ ಉಳಿಯಿತು. ವಿದ್ಯಾಪೀಠವು ಗೆಲಿಲಿಯೋವನ್ನು ಬರಮಾಡಿಕೊಂಡು ಸನ್ಮಾನಿಸಿತು. ತಾವೇ ಕಟ್ಟಿ ತಾವೇ ನೋಡಿದ ಕಡೆ ಧರ್ಮಸಭೆಗೂ ವಿಜ್ಞಾನಕ್ಕೂ ಜಗಳವಿರಲಿಲ್ಲ ಎಂಬುದನ್ನು ನಮ್ಮ ಮಕ್ಕಳು ತಿಳಿದಿರಬೇಕು.

ಪಾದುವಾದ ಶಿಷ್ಯರಲ್ಲಿ ಒಬ್ಬರು ಬೆನೆದೆತ್ತೋ ಕಸ್ತೆಲ್ಲಿ. ಸಂತ ಬೆನೆಡಿಕ್ಟರ ಸಭೆಯ ಸನ್ಯಾಸಿ. ಸೂರ್ಯನನ್ನು ದೂರದರ್ಶಕದ ಮೂಲಕ ನೇರವಾಗಿ ನೋಡದೆ, ಕಣ್ಣಿಡುವ ತುದಿಯಿಂದ ಹೊರಬರುವ ಬೆಳಕನ್ನು ಬಿಳಿ ಕಾಗದದ ಮೇಲೆ ಬೀಳಿಸಿ ಸೂರ್ಯಬಿಂಬವನ್ನೂ ಅದರ ಕಲೆಗಳನ್ನೂ ಬರೆದುಕೊಳ್ಳುವ ಉಪಾಯ ಇವರದು. ಗೆಲಿಲಿಯೋ ಇದೇ ಉಪಾಯದಿಂದ 1612ರಲ್ಲಿ ದಿನದಿನದ ಸೂರ್ಯಕಲೆಗಳನ್ನು ಚಿತ್ರಿಸಿ, ಸೂರ್ಯನು ತನ್ನಷ್ಟಕ್ಕೆ ತಿರುಗುತ್ತಾನೆಂದು ತೋರಿಸಿದನು. ತಂದೆತಾಯಂದಿರು ಇದನ್ನು ಚೆನ್ನಾಗಿ ಮನಸ್ಸಿನಲ್ಲಿಡಬೇಕು. ದೂರದರ್ಶಕದಿಂದ ಸೂರ್ಯನನ್ನು ಒಂದು ಕ್ಷಣ ನೋಡಿದರೂ ಕಣ್ಣು ಶಾಶ್ವತವಾಗಿ ಹೋಗಬಹುದು. ಎಕ್ಸ್‌ರೇ ಫಿಲಂ, ಕರಿಗನ್ನಡಕ ಯಾವುದೂ ರಕ್ಷಣೆಯಲ್ಲ. ಕಾಗದದ ಮೇಲೆ ಬಿಂಬ ಬೀಳಿಸುವುದಾದರೂ ದೊಡ್ಡವರು ಜೊತೆಯಲ್ಲಿರಬೇಕು.

ತೀರ್ಪು

ಭೂಮಿಯೇ ಸೂರ್ಯನನ್ನು ಸುತ್ತುತ್ತದೆಂದು 1543ರಲ್ಲಿ ಗ್ರಂಥ ಬರೆದ ಕೊಪರ್ನಿಕಸ್ ಪೋಲೆಂಡಿನ ಒಂದು ಪ್ರಧಾನಾಲಯದ ಆಡಳಿತ ಮಂಡಳಿಯ ಸದಸ್ಯನಾಗಿದ್ದ ಕಥೋಲಿಕ. ಗೆಲಿಲಿಯೋ ಆ ಮತವನ್ನು ಬಹಿರಂಗವಾಗಿ ಎತ್ತಿಹಿಡಿದಾಗ, ಯೆಹೋಶುವನ ಗ್ರಂಥದಲ್ಲಿ ಸೂರ್ಯನು ನಿಂತ ಪ್ರಸಂಗವನ್ನು ಮುಂದೊಡ್ಡಿ ವಿರೋಧಿಸಿದವರಿದ್ದರು. 1613ರಲ್ಲಿ ಕಸ್ತೆಲ್ಲಿಯವರಿಗೂ, 1615ರಲ್ಲಿ ಫ್ಲಾರೆನ್ಸಿನ ರಾಜಮಾತೆ ಕ್ರಿಸ್ತೀನಾರಿಗೂ ಅವನು ಬರೆದ ಪತ್ರಗಳು ಇದಕ್ಕೆ ಉತ್ತರ. ಪವಿತ್ರ ಗ್ರಂಥವು ರಕ್ಷಣೆಯ ಮಾರ್ಗವನ್ನು ಬೋಧಿಸುವುದೇ ಹೊರತು ಖಗೋಳಶಾಸ್ತ್ರವನ್ನಲ್ಲ. ಗ್ರಂಥವೂ ನಿಸರ್ಗವೂ ಒಬ್ಬನೇ ದೇವರಿಂದ ಬಂದುವಾದುದರಿಂದ ಒಂದನ್ನೊಂದು ಸುಳ್ಳಾಗಿಸಲಾರವು ಎಂಬುದು ಅವುಗಳ ಸಾರ. ಸಂತ ಅಗಸ್ಟೀನರನ್ನೇ ಅವನು ಆಧಾರವಾಗಿ ತೆಗೆದುಕೊಂಡಿದ್ದನು. 1893ರಲ್ಲಿ ಹದಿಮೂರನೆಯ ಲಿಯೋ ಜಗದ್ಗುರುಗಳು ತಮ್ಮ ವಿಶ್ವಪರಿಪತ್ರದಲ್ಲಿ ಬೋಧಿಸಿದ್ದು ಬಹುಮಟ್ಟಿಗೆ ಇದನ್ನೇ.

ಕಾರ್ಡಿನಲ್ ಬೆಲ್ಲರ್ಮಿನರು ಮುಂದೆ ಸಂತ ಪದವಿಗೇರಿದವರು, ವಿದ್ವಾಂಸರು. ನಿಜವಾದ ಪ್ರಮಾಣ ಸಿಕ್ಕಿದರೆ ಗ್ರಂಥದ ವಾಕ್ಯಗಳನ್ನು ಬೇರೆ ರೀತಿಯಲ್ಲಿ ಅರ್ಥೈಸಬೇಕಾದೀತು, ಅಂತಹ ಪ್ರಮಾಣವನ್ನು ತಾವಿನ್ನೂ ಕಂಡಿಲ್ಲ ಎಂಬುದು ಅವರ ನಿಲುವು. ನ್ಯಾಯವಾಗಿ ಹೇಳುವುದಾದರೆ ಗೆಲಿಲಿಯೋವಿನ ಬಳಿ ಆಗ ಪೂರ್ಣ ಪ್ರಮಾಣವಿರಲಿಲ್ಲ. ಸಮುದ್ರದ ಉಬ್ಬರವಿಳಿತಗಳಿಂದ ಅವನು ಹೂಡಿದ ವಾದ ತಪ್ಪಾಗಿತ್ತು. ಭೂಮಿಯ ಪ್ರದಕ್ಷಿಣೆಯಿಂದ ನಕ್ಷತ್ರದ ಸ್ಥಾನ ಕದಲುವುದನ್ನು ಬೆಸೆಲ್ ಎಂಬಾತ ಅಳೆದು ಪ್ರಕಟಿಸಿದ್ದು 1838ರಲ್ಲಿ. ಆದರೆ ಪ್ರಮಾಣ ಸಾಲದೆನ್ನುವುದು ಬೇರೆ, ವಿಚಾರವನ್ನೇ ನಿಷೇಧಿಸುವುದು ಬೇರೆ. 1616ರಲ್ಲಿ ಕೊಪರ್ನಿಕಸನ ಗ್ರಂಥ ತಿದ್ದುಪಡಿಯಾಗುವವರೆಗೆ ತಡೆಹಿಡಿಯಲ್ಪಟ್ಟಿತು. ಗೆಲಿಲಿಯೋ ಆ ಮತವನ್ನು ಬಿಡಬೇಕೆಂಬ ಎಚ್ಚರಿಕೆ ಪಡೆದನು.

ಹದಿನಾರು ವರ್ಷಗಳ ಬಳಿಕ, 1632ರಲ್ಲಿ, ಎರಡು ವಿಶ್ವವ್ಯವಸ್ಥೆಗಳ ಕುರಿತ ಸಂವಾದವನ್ನು ಪ್ರಕಟಿಸಿದನು. ಒಂದು ಕಾಲದ ಅವನ ಮಿತ್ರರಾದ ಎಂಟನೆಯ ಅರ್ಬನ್ ಜಗದ್ಗುರುಗಳ ವಾದವನ್ನು ಅದರಲ್ಲಿ ಪೆದ್ದುತನದ ಪಾತ್ರವೊಂದರ ಬಾಯಲ್ಲಿ ಆಡಿಸಿದ್ದು ಕೋಪಕ್ಕೆ ತುಪ್ಪ ಸುರಿಯಿತು. 1633ರ ಏಪ್ರಿಲಿನಲ್ಲಿ ವಿಚಾರಣೆ ಆರಂಭವಾಯಿತು. ಜೂನ್ 22ರಂದು ಅರವತ್ತೊಂಬತ್ತರ ವೃದ್ಧನು ಮಂಡಿಯೂರಿ ತನ್ನ ಮತವನ್ನು ತ್ಯಜಿಸುವುದಾಗಿ ಓದಿದನು. ಎದ್ದು ನಿಲ್ಲುವಾಗ ಭೂಮಿಯ ಚಲನೆಯ ಬಗ್ಗೆ ಏನನ್ನೋ ಗೊಣಗಿದನೆಂಬುದು ಅನಂತರದ ಕಟ್ಟುಕಥೆ. ಹತ್ತು ಮಂದಿ ಕಾರ್ಡಿನಲರಲ್ಲಿ ತೀರ್ಪಿಗೆ ಸಹಿ ಮಾಡಿದವರು ಏಳು ಮಂದಿ ಮಾತ್ರ.

ಮಗಳು ಮತ್ತು ಶಿಷ್ಯರು

ಸೆರೆಮನೆಯ ಶಿಕ್ಷೆ ಗೃಹಬಂಧನವಾಗಿ ಮಾರ್ಪಟ್ಟಿತು. ಮೊದಲು ಸಿಯೆನಾದ ಮಹಾಧರ್ಮಾಧ್ಯಕ್ಷರಾದ ಪಿಕ್ಕೊಲೊಮಿನಿಯವರು ಅವನನ್ನು ತಮ್ಮ ಅರಮನೆಯಲ್ಲಿ ಅತಿಥಿಯಂತೆ ಆದರಿಸಿದರು. ಕುಗ್ಗಿದ ಮನಸ್ಸಿಗೆ ಮತ್ತೆ ಬರೆಯುವ ಉತ್ಸಾಹ ಬಂದದ್ದು ಅಲ್ಲಿ. ವರ್ಷದ ಕೊನೆಗೆ ಫ್ಲಾರೆನ್ಸಿನ ಹೊರವಲಯದ ಆರ್ಚೆತ್ರಿಯ ತನ್ನ ಮನೆಗೆ ಬಂದನು. ಹತ್ತಿರದಲ್ಲೇ ಸಂತ ಕ್ಲಾರಳ ಸಭೆಯ ಮಠ. ಅಲ್ಲಿ ಹಿರಿಯ ಮಗಳು ವರ್ಜೀನಿಯ, ಸಿಸ್ಟರ್ ಮರಿಯ ಚೆಲೆಸ್ತೆ ಎಂಬ ಹೆಸರಿನಿಂದ ಬಡತನದ ಬಾಳು ನಡೆಸುತ್ತಿದ್ದಳು. ಅವಳು ತಂದೆಗೆ ಬರೆದ 124 ಪತ್ರಗಳು ಉಳಿದಿವೆ. ತಂದೆಯ ಅಂಗಿಗಳನ್ನು ಹೊಲಿಯುವುದು, ಅವನಿಗೆ ಔಷಧಿ, ಸಿಹಿತಿಂಡಿ ಮಾಡಿ ಕಳುಹಿಸುವುದು, ಅವನಿಲ್ಲದಾಗ ಮನೆಯ ಲೆಕ್ಕ ನೋಡುವುದು, ಎಲ್ಲವೂ ಮಠದೊಳಗಿನಿಂದಲೇ. ತೀರ್ಪಿನ ಭಾಗವಾಗಿ ಅವನು ಮೂರು ವರ್ಷ ವಾರಕ್ಕೊಮ್ಮೆ ಏಳು ಪ್ರಾಯಶ್ಚಿತ್ತ ಕೀರ್ತನೆಗಳನ್ನು ಜಪಿಸಬೇಕಿತ್ತು. ಮಗಳು ಆ ಹೊಣೆಯನ್ನು ತಾನು ಹೊರುವುದಾಗಿ ಮುಂದೆ ಬಂದಳು. 1634ರ ಏಪ್ರಿಲ್ 2ರಂದು, ಮೂವತ್ತಮೂರನೆಯ ವಯಸ್ಸಿನಲ್ಲಿ, ಅವಳು ತೀರಿಕೊಂಡಳು. ತಂದೆ ಮನೆಗೆ ಮರಳಿ ನಾಲ್ಕು ತಿಂಗಳೂ ಆಗಿರಲಿಲ್ಲ.

ಶೋಕದಲ್ಲಿಯೂ ಅವನು ಕೆಲಸ ಬಿಡಲಿಲ್ಲ. 1637ರಲ್ಲಿ ಒಂದು ಕಣ್ಣು ಮಸುಕಾಗುತ್ತಿರುವಾಗಲೇ ಚಂದ್ರನು ತುಸು ತೊನೆದಾಡುವಂತೆ ಕಾಣುವುದನ್ನು ಗುರುತಿಸಿದನು. ಅದು ಅವನ ಕೊನೆಯ ಆಕಾಶವೀಕ್ಷಣೆ. ಮರುವರ್ಷದ ಹೊತ್ತಿಗೆ ಎರಡು ಕಣ್ಣುಗಳೂ ಪೂರ್ಣ ಹೋದವು. ವಸ್ತುಗಳ ಚಲನೆ ಮತ್ತು ಬಲಗಳನ್ನು ಕುರಿತ ಅವನ ಶ್ರೇಷ್ಠ ಗ್ರಂಥ 1638ರಲ್ಲಿ ಹಾಲೆಂಡಿನ ಲೈಡನ್ನಿನಲ್ಲಿ ಅಚ್ಚಾಗಿ ಬಂದಾಗ ಅದನ್ನು ಮುಟ್ಟಿ ನೋಡುವ ಭಾಗ್ಯ ಮಾತ್ರ ಉಳಿದಿತ್ತು. 1639ರಲ್ಲಿ ಹದಿನೇಳರ ಬಾಲಕ ವಿವಿಯಾನಿ ಅವನಿಗೆ ಕಣ್ಣಾಗಿ ಬಂದನು. 1641ರಲ್ಲಿ ಬಂದವನು ಟೊರಿಚೆಲ್ಲಿ. ಶಾಲೆಯ ಪಾಠದಲ್ಲಿ ವಾಯುಭಾರಮಾಪಕದ ಜೊತೆಗೆ ನಾವು ಕಲಿಯುವ ಹೆಸರು ಇದೇ. ಇವನು ಕಸ್ತೆಲ್ಲಿಯವರ ಶಿಷ್ಯ. ಮುಂದೆ ಮಸೂರಗಳನ್ನು ಉಜ್ಜುವುದರಲ್ಲಿ ಯೂರೋಪಿನಲ್ಲೇ ಹೆಸರಾದನು. ಪಾದುವಾದ ಕಾರ್ಯಾಗಾರದ ವಿದ್ಯೆ ಗುರುವಿನಿಂದ ಶಿಷ್ಯನಿಗೆ, ಶಿಷ್ಯನಿಂದ ಅವನ ಶಿಷ್ಯನಿಗೆ ಹೀಗೆ ಸಾಗಿತು.

1642ರ ಜನವರಿ 8ರಂದು ಗೆಲಿಲಿಯೋ ಧರ್ಮಸಭೆಯ ಮಗನಾಗಿಯೇ ಕಣ್ಮುಚ್ಚಿದನು. ಸ್ಮಾರಕಕ್ಕೆ ಅನುಮತಿ ಸಿಗದೆ ಫ್ಲಾರೆನ್ಸಿನ ಪವಿತ್ರ ಶಿಲುಬೆಯ ಮಹಾದೇವಾಲಯದ ಪಕ್ಕದ ಕಿರುಕೋಣೆಯಲ್ಲಿ ಮಣ್ಣು ಮಾಡಿದರು. 1737ರಲ್ಲಿ ಅವನ ದೇಹಾವಶೇಷಗಳನ್ನು ದೇವಾಲಯದೊಳಗೆ ತಂದು ಗೌರವದಿಂದ ಸಮಾಧಿ ಕಟ್ಟಿಸಲಾಯಿತು.

ಮಕ್ಕಳಿಗೆ ಏನು ಹೇಳೋಣ

ಧರ್ಮಸಭೆ ತನ್ನ ತಪ್ಪನ್ನು ನಿಧಾನವಾಗಿ ತಿದ್ದಿಕೊಂಡಿತು. 1835ರ ನಿಷೇಧಿತ ಗ್ರಂಥಗಳ ಪಟ್ಟಿಯಲ್ಲಿ ಅವನ ಸಂವಾದದ ಹೆಸರಿರಲಿಲ್ಲ. ಎರಡನೆಯ ಜಾನ್ ಪೌಲ್ ಜಗದ್ಗುರುಗಳು 1979ರಲ್ಲಿ ಪ್ರಕರಣದ ಮರುಪರಿಶೀಲನೆಗೆ ಕರೆಕೊಟ್ಟು, 1981ರಲ್ಲಿ ಆಯೋಗವನ್ನು ನೇಮಿಸಿ, 1992ರ ಅಕ್ಟೋಬರ್ 31ರಂದು ಅಂದಿನ ದೈವಶಾಸ್ತ್ರಜ್ಞರು ತಪ್ಪಿದ್ದರೆಂದು ಬಹಿರಂಗವಾಗಿ ಒಪ್ಪಿಕೊಂಡರು. ಮುನ್ನೂರ ಐವತ್ತೊಂಬತ್ತು ವರ್ಷ ತಡವಾದುದನ್ನು ನಾವು ಮುಚ್ಚಿಡಬೇಕಾಗಿಲ್ಲ. ಅವರು ಮಾತನಾಡಿದ ವೇದಿಕೆ ವ್ಯಾಟಿಕನ್ನಿನ ವಿಜ್ಞಾನ ಅಕಾಡೆಮಿ. ನಮ್ಮ ಸಿ.ವಿ. ರಾಮನ್ ಅದರ ಸದಸ್ಯರಾಗಿದ್ದರು; ಸಿ.ಎನ್.ಆರ್. ರಾವ್ ಅವರನ್ನೂ ಅದು ಸದಸ್ಯರನ್ನಾಗಿ ಆರಿಸಿತು.

ಇಂಡಿಯಾದ ನೆಲಕ್ಕೂ ಈ ಕಥೆಯ ಎಳೆಯೊಂದಿದೆ. 1689ರ ಡಿಸೆಂಬರಿನಲ್ಲಿ ಪುದುಚೇರಿಯಲ್ಲಿದ್ದ ಯೇಸುಸಭೆಯ ಗುರು ಝಾನ್ ರಿಶೋ ದೂರದರ್ಶಕದಿಂದ ಧೂಮಕೇತುವೊಂದನ್ನು ಗಮನಿಸುತ್ತಿದ್ದಾಗ, ದಕ್ಷಿಣದ ಉಜ್ವಲ ತಾರೆ ಆಲ್ಫಾ ಸೆಂಟಾರಿ ಒಂದಲ್ಲ ಎರಡೆಂದು ಕಂಡರು. ಮೇ ತಿಂಗಳ ರಾತ್ರಿ ಹಾಸನದ ದಕ್ಷಿಣ ದಿಗಂತದಲ್ಲಿ ತಗ್ಗಾಗಿ ಹೊಳೆಯುವುದು ಅದೇ ತಾರೆ. 1891ರಲ್ಲಿ ಪುನಃಸ್ಥಾಪನೆಗೊಂಡ ವ್ಯಾಟಿಕನ್ ವೀಕ್ಷಣಾಲಯಕ್ಕೆ 2025ರಲ್ಲಿ ನಿರ್ದೇಶಕರಾಗಿ ನೇಮಕಗೊಂಡವರು ಭಾರತೀಯರಾದ ಯೇಸುಸಭೆಯ ಗುರು ರಿಚರ್ಡ್ ಡಿಸೋಜಾ. ಹಾಸನದ ಎಂ.ಸಿ.ಎಫ್. ಕೇಂದ್ರದ ಬೃಹತ್ ತಟ್ಟೆಗಳು 1982ರಿಂದ ಆಕಾಶದತ್ತ ಮುಖ ಮಾಡಿ ಮೂವತ್ತಾರು ಸಾವಿರ ಕಿಲೋಮೀಟರ್ ಮೇಲಿನ ಉಪಗ್ರಹಗಳೊಡನೆ ಮಾತನಾಡುತ್ತಿವೆ. ಆ ದಾರಿಯಲ್ಲಿ ಹಾದುಹೋಗುವ ನಮ್ಮ ಮಕ್ಕಳಿಗೆ ಅಲ್ಲಿಯ ಕೆಲಸ ತಮ್ಮದಲ್ಲವೆಂದು ಅನಿಸಬಾರದು.

ಆದುದರಿಂದ ಮಗು ಪ್ರಶ್ನೆಯನ್ನು ಮನೆಗೆ ತಂದಾಗ ಕುಳಿತು ಉತ್ತರಿಸೋಣ. ಧರ್ಮಸಭೆಯ ಹಿರಿಯರು ತಪ್ಪಿದರು. ಗೆಲಿಲಿಯೋ ಕೂಡ ಕೆಲವು ಕಡೆ ತಪ್ಪಿದನು. ಧರ್ಮಸಭೆಯ ಮಕ್ಕಳೇ ಅನೇಕರು ಅವನ ಜೊತೆ ನಿಂತರು. ಅವನು ವಿಶ್ವಾಸವನ್ನು ಬಿಡಲಿಲ್ಲ. ಸತ್ಯಕ್ಕೆ ಅಂಜುವ ವಿಶ್ವಾಸ ದೇವರನ್ನೇ ಸಂದೇಹಿಸಿದಂತೆ. ಇಷ್ಟನ್ನು ಹೇಳಿದ ಮೇಲೆ ಎರಡು ಗಾಜು, ಒಂದು ಕೊಳವೆ, ಅಳತೆಪಟ್ಟಿಯನ್ನು ಮಗುವಿನ ಕೈಗೆ ಕೊಡೋಣ. ಡಿಸೆಂಬರಿನಿಂದ ಮಾರ್ಚ್‌ವರೆಗೆ ನಮ್ಮ ಕಡೆಯ ಇರುಳುಗಳು ಸಾಮಾನ್ಯವಾಗಿ ತಿಳಿಯಾಗಿರುತ್ತವೆ. ಹುಣ್ಣಿಮೆಯಂದು ನೆರಳಿಲ್ಲದ ಚಂದ್ರನಲ್ಲಿ ಬೆಟ್ಟಗಳು ಕಾಣವು. ಅಮಾವಾಸ್ಯೆ ಕಳೆದ ಆರೇಳನೆಯ ದಿನ ಸಂಜೆ ನೋಡಬೇಕು. ಭಾನುವಾರದ ಧರ್ಮೋಪದೇಶದ ಮಕ್ಕಳೆಲ್ಲ ಸೇರಿ ಒಂದು ದೂರದರ್ಶಕ ಕಟ್ಟಿದರೆ ದೇವಾಲಯದ ಅಂಗಳವೇ ಸಾಕು. ನೆರೆಹೊರೆಯ ಮಕ್ಕಳನ್ನೂ ಕರೆಯಿರಿ. ಸಾಲಿನಲ್ಲಿ ಅಜ್ಜ ಅಜ್ಜಿಯರಿಗೆ ಮೊದಲು ದಾರಿ ಬಿಡಿ.